ನರ್ಸಮ್ಮ ಮುಚ್ಚಿಟ್ಟಿದ್ದು

ಹೊಸನಗರದಲ್ಲಿ ಯಮುನಮ್ಮ ಎಂದರೆ ಥಟ್ಟನೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನರ್ಸಮ್ಮ ಎನ್ನಬೇಕಿತ್ತು. ಸುತ್ತಲಿನ ಹಳ್ಳಿಗಳ ಹೆರಿಗೆಗಳೆಲ್ಲ ಅವಳ ಕೈಯಲ್ಲೇ. ಅವಳು ಸೋಪು ಹಚ್ಚಿ ಕೈ ತಿಕ್ಕುವುದನ್ನು ಕಂಡು, "ಶುದ್ಧ ಅಂದ್ರೆ ನಮ್ ನರ್ಸಮ್ಮಂದು" ಎಂದು ಬಾಣಂತಿಯರ ಅತ್ತೆಯಂದಿರು ಹೊಗಳುತ್ತಿದ್ದರು. ಆಗೆಲ್ಲ ಅವಳಿಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಮನೆಗೆ ಬಂದು, ಬಚ್ಚಲಿನ ಬಾಗಿಲು ಹಾಕಿಕೊಂಡು, ಚರ್ಮ ಸುಲಿದು ರಕ್ತ ಜಿನುಗುವವರೆಗೂ ತೊಳೆಯುವುದು ಶುದ್ಧವಲ್ಲ, ಇನ್ನೇನೋ ಎಂದು ಅವಳಿಗೆ ಗೊತ್ತಿತ್ತು. ನಿಲ್ಲಿಸಲು ಆಗುತ್ತಿರಲಿಲ್ಲ.

ಎಂಬತ್ಮೂರನೇ ಇಸವಿಯ ಸುಮಾರಿಗೆ, ಸಾಗರದ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ಮಗಳು ಶರಾವತಿ ಊಟ ಬಿಟ್ಟಳು. ರಜೆಗೆ ಬಂದವಳ ಕೊರಳ ಎಲುಬು ಎದ್ದು ಕಾಣುತ್ತಿತ್ತು. ಅನ್ನವನ್ನು ಅಗುಳು ಅಗುಳಾಗಿ ಬಿಡಿಸಿ ತಟ್ಟೆಯಂಚಿಗೆ ಸರಿಸುವಳು. ಇನ್ನೂ ದಪ್ಪ ಇದ್ದೇನೆ ಎನ್ನುವಳು. ಗಾಳಿ ಸೋಕಿದೆ ಎಂದರು ಕೆಲವರು. ನೆಂಟರ ಮದುವೆಯೊಂದರಲ್ಲಿ ಯಮುನಮ್ಮ ಪಂಕ್ತಿಯ ಎದುರೇ ಗದರಿದಳು: "ತಿನ್ನೇ! ನನ್ ಮಾನ ಕಳೀಬೇಡ."

ಶರಾವತಿ ತಲೆ ಎತ್ತದೆ ಮೆಲ್ಲಗೆ, "ನೀ ತೊಳ್ಯೋದ್ ಬಿಡ್ತೀಯೇನಮ್ಮ? ಆಗಲ್ಲ ಅಲ್ವಾ? ನಂದೂ ಹಂಗೇ" ಎಂದಳು.

ಕಡೆಗೆ ಶಿವಮೊಗ್ಗದ ಮನೋವೈದ್ಯರೊಬ್ಬರ ಹತ್ತಿರ ಹೋದರು. ಅವರು ಕೇಳಿದರು: "ಮನೆತನದಲ್ಲಿ ಯಾರಿಗಾದ್ರೂ ಇಂಥದ್ದಿತ್ತಾ? ಬೇಡ ಅಂದ್ರೂ ಒಂದೇ ಕೆಲ್ಸ ಮತ್ತೆ ಮತ್ತೆ ಮಾಡೋದು, ಹಂಗೇನಾದ್ರೂ?"

ಯಮುನಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಇಲ್ಲ ಡಾಕ್ಟ್ರೇ" ಎಂದಳು. ಮಗಳು ಕಿಟಕಿಯ ಕಡೆ ತಿರುಗಿ ಸುಮ್ಮನೆ ಕೂತಳು, ತಾಯಿಯ ಗುಟ್ಟು ಕಾಯುವವಳ ಹಾಗೆ. ಆ ಮೌನ ಯಮುನಮ್ಮನನ್ನು ಬಸ್‌ಸ್ಟ್ಯಾಂಡಿನವರೆಗೂ ಸುಟ್ಟಿತು. ಅಲ್ಲಿಂದ ತಿರುಗಿ ಬಂದು ವೈದ್ಯರ ಮೇಜಿನ ಮೇಲೆ ಎರಡೂ ಕೈ ಇಟ್ಟಳು.

"ನಂಗಿದೆ. ನಮ್ಮವ್ವಂಗೂ ಇತ್ತು. ಅಕ್ಕಿ ತೊಳ್ಯಾಕ್ ಕೂತ್ರೆ ನುಚ್ಚಾಗೋವರ್ಗೂ ಬಿಡ್ತಿರ್ಲಿಲ್ಲ."

ವೈದ್ಯರು ಹೇಳಿದರು: "ಇವು ಬೇರೆ ಬೇರೆ ಕಾಯಿಲೆ. ಆದ್ರೆ ಒಂದೇ ಮನೆತನದಲ್ಲಿ ಕಾಣೋದುಂಟು. ರಕ್ತದಲ್ಲಿ ಬರೋ ಯಾವ್ದೋ ಗುಣ ಎರಡಕ್ಕೂ ಮೂಲ ಆಗಿರ್ಬೋದು. ಪೂರ್ತಿ ಯಾರಿಗೂ ತಿಳಿದಿಲ್ಲ. ನಿಮ್ ತಪ್ಪೇನಿಲ್ಲ."

ಆ ಮಾತು ಕಿವಿಗೆ ಬಿತ್ತು, ಎದೆಗಿಳಿಯಲಿಲ್ಲ. ಮೂಗು, ಬಣ್ಣದ ಜೊತೆ ಇದನ್ನೂ ಕೊಟ್ಟೆನಲ್ಲ ಎಂದುಕೊಂಡಳು.

ಇಬ್ಬರಿಗೂ ಚಿಕಿತ್ಸೆ ನಡೆಯಿತು. ಶರಾವತಿ ಓದು ನಿಲ್ಲಿಸಿ ಗಂಜಿಯಿಂದ ಶುರುಮಾಡಿದಳು. ನಡುವೆ ಒಮ್ಮೆ ಮತ್ತೆ ಊಟ ಬಿಟ್ಟರೂ ಚೇತರಿಸಿಕೊಂಡಳು. ಯಮುನಮ್ಮನದು ತಗ್ಗಿತು, ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ತೀರ್ಥಹಳ್ಳಿಯ ಕಡೆಯವರು ಹೆಣ್ಣು ನೋಡಲು ಬಂದರು. ಶರಾವತಿ ತನ್ನ ಕಾಯಿಲೆಯ ವಿಷಯ ತಾನೇ ಬಿಡಿಸಿ ಹೇಳಿದಳು. ಅವರು ಮತ್ತೆ ಬರಲಿಲ್ಲ. ಸಂಬಂಧ ತಪ್ಪಿದ್ದಕ್ಕೆ ಯಮುನಮ್ಮನಿಗೆ ಅಷ್ಟು ನೋವಾಗಲಿಲ್ಲ. ಮಗಳು ಮಾತೆತ್ತಿದ ಕೂಡಲೇ ತಾನು ಎದ್ದು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಿದ್ದಳಲ್ಲ, ಆ ನಾಚಿಕೆ ಬಹಳ ಕಾಲ ಅವಳನ್ನು ಬಿಡಲಿಲ್ಲ.