ಮನೆಯೊಳಗಿನ ಸೆಕ್ಯೂರಿಟಿ

ವಿಮಾನ ನಿಲ್ದಾಣದಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿದ್ದೇ ತಡ, ನಲ್ಲೂರಿನ ಬೀರೇಶ ಮನೆಯನ್ನೂ ನಿಲ್ದಾಣ ಮಾಡಿಕೊಂಡ. ಅಪ್ಪ ಹನುಮಂತರಾಯಪ್ಪ ರಾತ್ರಿ ಜಾರಿ ಬಿದ್ದಾನೆಂದು ಮಂಚದಿಂದ ಬಚ್ಚಲಿನ ತನಕ ರನ್‌ವೇಯಂತೆ ಸಾಲುದೀಪ ಹಾಕಿಸಿದ, ಲಕ್ಷ್ಮಿ ಕೂರುವ ಹೊಸಿಲನ್ನೇ ಕೀಳಿಸಿದ. ಮಲಗುವ ಮುಂಚೆ ತಪಾಸಣೆ ಬೇರೆ: "ಪಂಚೆ ಎತ್ತಿ ಕಟ್ಟಪ್ಪಾ, ಕೋಲೆಲ್ಲಿ?" "ನಾನು ಹೋಗ್ತಿರೋದು ಬಚ್ಚಲಿಗೆ ಕಣ್ಲಾ, ದುಬೈಗಲ್ಲ!" ಎಂದು ಮುದುಕನ ಗುಡುಗು. ಈಚೆಗೆ ಮುದುಕನ ಕಣ್ಣು ಮಂಜಾಗಿ ಆ ದೀಪಗಳೇ ಕಾಣವು. ಒಪ್ಪಿಕೊಂಡರೆ ಮೀಸೆ ಮಣ್ಣಾಗುತ್ತದಲ್ಲ! ಗೊತ್ತಾದರೂ ಮಗ ಆ ಮಾತೆತ್ತಲಿಲ್ಲ. ಬಚ್ಚಲ ಬಾಗಿಲಲ್ಲೇ ಚಾಪೆ ಹಾಸಿಕೊಂಡು, ಮಂಚ ಕಿರುಗುಟ್ಟಿದರೆ ಸಾಕು, ಕೆಮ್ಮತೊಡಗುತ್ತಾನೆ. ಆ ಸದ್ದಿನ ಜಾಡು ಹಿಡಿದು ತಪ್ಪದೆ ಬಚ್ಚಲು ಸೇರುವ ಅಪ್ಪ ಬೆಳಗಾದರೆ ಊರಿಗೆಲ್ಲ ಸಾರುತ್ತಾನೆ: "ನಮ್ ಹುಡುಗುಂಗೆ ರಾತ್ರಿಯೆಲ್ಲಾ ಕೆಮ್ಮು. ಎದ್ದೆದ್ದು ನೋಡ್ಕಳೋಕೆ ನಾನೊಬ್ಬ ಇದೀನಿ, ಪುಣ್ಯ!"