ಹತ್ತು ಗಂಟೆಯ ಮೇಸ್ತ್ರಿ

ಮೇಸ್ತ್ರಿಯ ಅಂಗೈ ತುಂಬ ಬಿರುಕು. ಆ ಬಿರುಕುಗಳಲ್ಲಿ ಇಳಿದಿದ್ದ ಡಾಂಬರಿನ ಕಪ್ಪು ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ಅದೇ ಕೈಯ ಹಿಂಬದಿ ಮಾತ್ರ ನುಣುಪಾಗಿತ್ತು. ಟೆರೇಸಿನ ಕಾಂಕ್ರೀಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಆ ಹಿಂಬದಿಯನ್ನು ಇಟ್ಟು ಅವರು ಕಣ್ಣು ಮುಚ್ಚುತ್ತಿದ್ದರು. "ಅಂಗೈಯನ್ನು ನಂಬ್ಲಿಕ್ಕಿಲ್ಲ ಬಾಯಮ್ಮ. ಅದು ಸಿಮೆಂಟು ತಿಂದು ದಪ್ಪ ಆಗಿದೆ, ಸುಳ್ಳು ಹೇಳ್ತದೆ" ಎನ್ನುತ್ತಿದ್ದರು.

ಬಾಯಮ್ಮ ಅಂದರೆ ನಾನು. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು ಎಂದು ಗೊತ್ತಾದ ಕ್ಷಣವೇ ಊರಿನ ರೂಢಿಯಂತೆ ಹಾಗೆ ಕರೆದರು. ಬೇರೆಯವರ ಎದುರು ಮಾತ್ರ 'ಮೇಡಂ'. ಅವರು ಬಂಟ್ವಾಳ ಕಡೆಯ ಬ್ಯಾರಿ. ದೋಹಾದಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಟ್ಟಡಗಳ ಮಾಡಿಗೆ ವಾಟರ್‌ಪ್ರೂಫಿಂಗ್ ಮಾಡಿದವರು. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಒಂದು ಶಾಲೆಯ ಕಟ್ಟಡ ಏಳುತ್ತಿದ್ದಾಗ ಅವರು ಆ ಕೆಲಸದ ಫೋರ್‌ಮನ್, ನಾನು ಗುಣಮಟ್ಟ ನೋಡುವ ಎಂಜಿನಿಯರ್. ನಾನು ಸಹಿ ಹಾಕದೆ ಒಂದು ಡಬ್ಬಿಯ ಮುಚ್ಚಳವನ್ನೂ ತೆಗೆಯುವಂತಿರಲಿಲ್ಲ. ಆ ಸಹಿಯ ಬಗ್ಗೆ ನನಗೆ ಜಂಬವೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಅದು ಜನವರಿ. ಇಲ್ಲಿ ನಮ್ಮ ದಿನಚರಿಯನ್ನೆಲ್ಲ ಬೇಸಗೆಯ ಬಿಸಿಲೇ ಬರೆದಿಟ್ಟಿದೆ. ಬೆಳಗಾಗುವುದರೊಳಗೆ ಕೆಲಸ ಶುರು, ಬಿಸಿಲೇರುವುದರೊಳಗೆ ಮುಗಿಯಬೇಕು. ಚಳಿಗಾಲ ಬಂದರೂ ಆ ಅಭ್ಯಾಸ ಬಿಡುವುದಿಲ್ಲ. ಆರು ಗಂಟೆಗೆ ಮಂಕಿ ಕ್ಯಾಪು, ಎರಡು ಸ್ವೆಟರು ಹಾಕಿಕೊಂಡು ಮೇಸ್ತ್ರಿ ಟೆರೇಸಿನಲ್ಲಿ ನಿಂತಿದ್ದರು.

"ಹತ್ತು ಗಂಟೆ ತನಕ ತಡೀರಿ ಬಾಯಮ್ಮ. ಸ್ಲ್ಯಾಬ್ ಇನ್ನೂ ಎದ್ದಿಲ್ಲ."

"ಕತಾರಲ್ಲಿ ಎಂತ ಚಳಿ ಮೇಸ್ತ್ರಿ? ಒಣಗಿಯೇ ಉಂಟಲ್ಲ. ಯಲ್ಲಾ, ಶುರು ಮಾಡಿ."

ಅವರು ವಾದಿಸಲಿಲ್ಲ. ಪೂರ್ತಿ ಟೆರೇಸ್ ಬಿಟ್ಟು, ಮೆಟ್ಟಿಲ ಕೋಣೆಯ ಮೇಲಿನ ಸಣ್ಣ ಮಾಡಿಗೆ ಮಾತ್ರ ವಾಟರ್‌ಪ್ರೂಫಿಂಗಿನ ಒಂದು ಕೋಟ್ ಹೊಡೆಸಿದರು. ಉಳಿದ ಹುಡುಗರೆಲ್ಲ ಗುಡಿಸುತ್ತಿದ್ದರು. ಸೋಮಾರಿತನ ಎಂದುಕೊಂಡೆ. ಮರುದಿನ ಹೋಗಿ ನೋಡಿದರೆ ಅದು ಹಪ್ಪಳದಂತೆ ಉಬ್ಬಿತ್ತು. ಉಗುರು ಹಾಕಿದ್ದೇ ತಡ, ಮೊಳದುದ್ದ ಸಿಪ್ಪೆ ಎದ್ದು ಬಂತು. ಅಡಿಯಲ್ಲಿ ಇಬ್ಬನಿಯ ಪಸೆ. ಕಣ್ಣಿಗೆ ಒಣಗಿ ಕಂಡದ್ದು ಒಣಗಿರಲಿಲ್ಲ. ನಾನು ಹೇಳಿದ ಹಾಗೆ ಕೇಳಿದ್ದರೆ ಇಡೀ ಟೆರೇಸ್ ಕೆತ್ತಬೇಕಾಗುತ್ತಿತ್ತು. "ನಾನು ಹೇಳಿರ್ಲಿಲ್ವಾ" ಎಂದು ಅವರು ಅನ್ನುತ್ತಾರೆಂದು ಕಾದೆ. ಅವರು ಅಂದದ್ದು ಇಷ್ಟೇ: "ಸಣ್ಣದರಲ್ಲಿ ಕಲ್ತದ್ದು ಒಳ್ಳೇದಾಯ್ತು."

ಆದರೆ ಸೈಟಿನ ಮ್ಯಾನೇಜರಿಗೆ ಇಬ್ಬನಿಯ ಕತೆ ಬೇಕಿರಲಿಲ್ಲ. ಟೆರೇಸಿನಲ್ಲಿ ನೀರು ನಿಲ್ಲಿಸುವ ಪರೀಕ್ಷೆಯ ದಿನ ನಿಗದಿಯಾಗಿತ್ತು. ಸೋರಿದರೆ ಈ ಸೈಟಿನಲ್ಲಿ ನನ್ನ ಸಹಿ ಬೇಡವೆಂದು ಸ್ಪಷ್ಟವಾಗಿ ಹೇಳಿದ್ದರು. ಸಹಿ ಹೋದರೆ ಕೆಲಸ, ಕೆಲಸ ಹೋದರೆ ವೀಸಾ.

ಮರುದಿನ ಏಳು ಗಂಟೆಗೆ ಮೇಸ್ತ್ರಿ ಒಂದು ಟಿಶ್ಯೂ ಕಾಗದವನ್ನು ಸ್ಲ್ಯಾಬಿನ ಮೇಲೆ ಹಾಸಿ ಶೂವಿನಿಂದ ಒತ್ತಿ, ಒದ್ದೆಯಾದದ್ದನ್ನು ನನ್ನ ಕೈಗಿಟ್ಟರು. ನಾನು ಅದನ್ನು ಹಾಗೆಯೇ ಒಯ್ದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಬೆರಳಲ್ಲಿ ಮುಟ್ಟಿ ನೋಡಿದರು. "ಖಲಾಸ್, ಆಯ್ತು, ಹತ್ತರಿಂದ ಎರಡರ ತನಕ ಬಳಿಯಿರಿ. ಆದರೆ ಪರೀಕ್ಷೆಯ ದಿನ ಬದಲಾಗುವುದಿಲ್ಲ" ಎಂದರು.

ಎರಡರ ನಂತರ ಬಳಿದ ಕೋಟ್ ಗಟ್ಟಿಯಾಗುವ ಮೊದಲೇ ಮತ್ತೆ ಇಬ್ಬನಿ ಇಳಿಯುತ್ತಿತ್ತು. ದಿನಕ್ಕೆ ಸಿಗುವುದು ನಾಲ್ಕೇ ತಾಸು. ಮೇಸ್ತ್ರಿ ಆ ನಾಲ್ಕು ತಾಸನ್ನು ಮದುವೆ ಮನೆಯ ಅಡಿಗೆಯವರ ಹಾಗೆ ಮುಂಚೆಯೇ ಹೊಂದಿಸಿಟ್ಟರು. ಬೆಳಿಗ್ಗೆ ಒರೆಸುವುದು, ಉಜ್ಜುವುದು. ಹತ್ತಾದ ಮೇಲೆ ಊಟಕ್ಕೂ ಸರದಿ, ರೋಲರ್ ನಿಲ್ಲಬಾರದು. ಚಳಿಗೆ ಡಬ್ಬಿಯೊಳಗಿನದು ದಪ್ಪವಾಗಿ ರೋಲರಿಗೆ ಹತ್ತುವುದಿಲ್ಲವೆಂದು, ತಾವಿದ್ದ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಿಂದ ತಮ್ಮ ಕಂಬಳಿಯನ್ನೇ ಬಸ್ಸಿನಲ್ಲಿ ತಂದು ಸ್ಟೋರಿನ ಡಬ್ಬಿಗಳಿಗೆ ಹೊದೆಸಿದರು.

"ನಿಮಗೆ ರಾತ್ರಿ ಚಳಿ ಆಗುದಿಲ್ವಾ ಮೇಸ್ತ್ರಿ?"

"ನನಗೆ ಎರಡು ಸ್ವೆಟರ್ ಉಂಟು. ಡಬ್ಬಿಗೆ ಎಂತ ಉಂಟು, ಪಾಪ?"

ಬೇರೆ ಕೆಲಸದವರು ನಕ್ಕು 'ಹತ್ತು ಗಂಟೆಯ ಮೇಸ್ತ್ರಿ' ಎಂದು ಹೆಸರಿಟ್ಟರು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತಕ್ಕೆ ಸರಿಯಾಗಿ ಕೈಯ ಹಿಂಬದಿ ಇಟ್ಟು, ನನ್ನ ಕೈಯನ್ನೂ ಇಡಿಸಿ, "ಎದ್ದಿತು" ಎಂದ ಮೇಲೆ ನನ್ನ ಸಹಿ. ಉಬ್ಬಿದ್ದ ಸಣ್ಣ ಮಾಡನ್ನೂ ಸೇರಿಸಿ ಹೀಗೆ ಐದು ದಿನ. ಒಂದು ವಾರ ಒಣಗಿಸಿ, ಎರಡು ದಿನ ಟೆರೇಸಿನ ತುಂಬ ನೀರು ನಿಲ್ಲಿಸಿದೆವು.

ಮೂರನೆಯ ಬೆಳಿಗ್ಗೆ ಟೆರೇಸಿನ ಕೆಳಗಿನ ತರಗತಿ ಕೋಣೆಯಲ್ಲಿ ಏಣಿ ಇತ್ತು, ಮ್ಯಾನೇಜರು ಇದ್ದರು, ಕೆಲಸದವರೆಲ್ಲ ಬಾಗಿಲಲ್ಲಿ ಗುಂಪಾಗಿದ್ದರು. "ನೀವೇ ಹತ್ತಿ, ಸಹಿ ನಿಮ್ಮದಲ್ವಾ" ಎಂದರು ಮೇಸ್ತ್ರಿ. ಹತ್ತಿ ಸೂರಿಗೆ ಅಂಗೈ ಒತ್ತಿದೆ. ಕೆಳಗಿನಿಂದ ಮೆಲ್ಲಗೆ ಸ್ವರ ಬಂತು: "ಬಾಯಮ್ಮ, ಹಿಂಬದಿ."

ಕೈ ತಿರುಗಿಸಿ ಇಟ್ಟೆ. ಒಣಗಿತ್ತು. ಮೂಲೆಯಿಂದ ಮೂಲೆಗೆ ಏಣಿ ಎಳೆಸಿ ನೋಡಿದೆ. ಎಲ್ಲ ಕಡೆ ಖಡಕ್ಕಾಗಿ ಒಣಗಿತ್ತು. "ಮಾಫಿ ನೀರು, ಒಂದು ಹನಿಯೂ ಇಲ್ಲ" ಎಂದೆ. ಹುಡುಗರು ಶಿಳ್ಳೆ ಹೊಡೆದರು. ಮೊದಲು ಹೆಸರಿಟ್ಟು ನಕ್ಕವರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಮೇಸ್ತ್ರಿಯ ಕೈ ಕುಲುಕಿದರು, ಆ ಕರಿ ಅಂಗೈಯನ್ನೇ. ಮೇಸ್ತ್ರಿ ಫ್ಲಾಸ್ಕಿನಿಂದ ಸುಲೈಮಾನಿ ಬಗ್ಗಿಸಿ ಮೊದಲ ಲೋಟ ನನಗೆ ಕೊಟ್ಟರು. ಅಷ್ಟು ಸಿಹಿಯಾದ ಚಹಾ ನಾನು ಕುಡಿದಿಲ್ಲ.

ಈಗ ಅವರು ಊರಿನಲ್ಲಿದ್ದಾರೆ. ನನ್ನ ಮಗಳು ಅದೇ ಶಾಲೆಯಲ್ಲಿ, ಮೇಲಿನ ಮಹಡಿಯಲ್ಲಿ ಓದುತ್ತಾಳೆ. ಕಳೆದ ಚಳಿಗಾಲ ಒಂದು ದಿನ ಇಲ್ಲಿ ಅಪರೂಪಕ್ಕೆ ಧೋ ಎಂದು ಮಳೆ ಸುರಿದು ರಸ್ತೆಗಳೆಲ್ಲ ಕೆರೆಯಾದವು. ನಮ್ಮ ಆಫೀಸಿನಲ್ಲೇ ಮೂರು ಬಕೆಟ್ ಇಟ್ಟಿದ್ದೆವು. ಮಗಳು ಮನೆಗೆ ಬಂದೊಡನೆ ಕೇಳಿದೆ, ಕ್ಲಾಸಿನಲ್ಲಿ ನೀರು ಬಿತ್ತೇ ಎಂದು. "ನೋ ಮಮ್ಮೀ, ಒಂದು ಡ್ರಾಪ್ ಕೂಡ ಇಲ್ಲ." ನಾನು ಕೂಡಲೇ ಬಂಟ್ವಾಳಕ್ಕೆ ಫೋನು ಮಾಡಿದೆ.

ಎಲ್ಲ ಕೇಳಿ ಮೇಸ್ತ್ರಿ ಅಂದರು: "ಕಾಗದದಲ್ಲಿ ಯಾರ ಸಹಿ ಉಂಟು ಬಾಯಮ್ಮ?"

"ನನ್ನದು."

"ಹಾಗಾದ್ರೆ ನನಗೆ ಯಾಕೆ ಹೇಳುದು? ಮಗಳಿಗೆ ಹೇಳಿ."

ಹೇಳಿದೆ. ಆದರೆ ಅವರು ಹೇಳಿದ ಹಾಗಲ್ಲ. ಆ ಕಾಗದದಲ್ಲಿರುವುದು ನನ್ನ ಸಹಿ, ಅದನ್ನು ಹಾಕುವ ಮೊದಲು ಕೈ ಇಡಲು ಕಲಿಸಿದವರು ಮೇಸ್ತ್ರಿ, ಆ ಋಣ ನನ್ನ ಮೇಲಿದೆ ಎಂದೆ. ಮಗಳು ತನ್ನ ಪುಟ್ಟ ಕೈಯನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ತಿರುಗಿಸಿ ಕೇಳಿದಳು: "ಯಾವ ಸೈಡ್ ಮಮ್ಮೀ?"