ಕೋಳಿ ಅಂಗಡಿ ಅಕ್ಕನ ಪೆಟ್ಟು

ಕೋಳಿ ಅಂಗಡಿಯ ಅಕ್ಕನ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಗಾಯದ ಗೆರೆಯೊಂದಿತ್ತು. ಕೋಳಿಯನ್ನು ಕೊರಡಿನ ಮೇಲೆ ಒತ್ತಿ ಹಿಡಿದಾಗ ಅದು ಕೆಂಪಗೆ ಉಬ್ಬುತ್ತಿತ್ತು. ಕೆಲಸ ಮಾಡುವಾಗ ಕತ್ತಿ ತಾಗಿದ್ದೆಂದು ವೇಣೂರು ಪೇಟೆಯಲ್ಲಿ ಎಲ್ಲರೂ ನಂಬಿದ್ದೆವು.

"ಸ್ಕಿನ್ ತೆಗೀಬೇಕಾ, ಬೇಡ್ವಾ?" ಎಂದು ಒಮ್ಮೆ ಮಾತ್ರ ಕೇಳುವಳು. ಗಿರಾಕಿ ತಡವರಿಸಿದರೆ ಕತ್ತಿಯನ್ನು ಕೊರಡಿಗೆ ನೆಟ್ಟು, "ಮನೆಯಲ್ಲಿ ಕೇಳಿಕೊಂಡು ಬಾ ಮಾರಾಯ" ಎನ್ನುವಳು. ನಾನು ಎದುರಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನ ಅವಳ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದರೆ, ಕೇಳದೆಯೇ ಅನ್ನಕ್ಕೆ ಸಾರು ಸುರಿಯುತ್ತಿದ್ದಳು.

ಆಗ ನನಗೆ ಇಪ್ಪತ್ತನಾಲ್ಕು. ಹುಡುಗಿಯರನ್ನು ಒಲಿಸಿಕೊಳ್ಳುವುದು ಹೇಗೆಂದು ಕಲಿಸುವ ವಿಡಿಯೋಗಳ ಹುಚ್ಚು ಹಿಡಿದಿತ್ತು. ಹುಡುಗಿ ಬೇಡವೆಂದರೆ ನಿನ್ನನ್ನು ಪರೀಕ್ಷಿಸುತ್ತಿದ್ದಾಳೆ, ಹಿಂದೆ ಸರಿಯಬೇಡ ಎಂದು ಅವುಗಳಲ್ಲೊಬ್ಬ ಗಡ್ಡದವನು ಹೇಳುತ್ತಿದ್ದ. ನಾನು ಅದನ್ನು ಬಾಯಿಪಾಠ ಮಾಡಿ ಮೆಡಿಕಲ್ ಶಾಪಿನ ಹುಡುಗಿಯ ಮೇಲೆ ಪ್ರಯೋಗಿಸಿದೆ. ಮೂರು ಸಲ ಬೇಡವೆಂದಳು. ನಾಲ್ಕನೆಯ ಸಲ ಕೋಳಿ ಅಂಗಡಿಯ ಎದುರೇ ಅವಳ ಸ್ಕೂಟರಿನ ಕೀ ಕಿತ್ತುಕೊಂಡು, ನಂಬರ್ ಕೊಡದೆ ಬಿಡುವುದಿಲ್ಲ ಎಂದು ನಕ್ಕೆ. ಅವಳು ಅಳತೊಡಗಿದಳು. ಇನ್ನೇನು ಗೆದ್ದೆ ಎಂದುಕೊಂಡೆ, ಅಂಥ ಕತ್ತೆ ನಾನು.

ಪೆಟ್ಟು ಎಲ್ಲಿಂದ ಬಂತೋ ತಿಳಿಯಲಿಲ್ಲ. ಕೋಳಿಯ ರಕ್ತ ಮೆತ್ತಿದ್ದ ಕೈಯಿಂದಲೇ ಅಕ್ಕ ಬಾರಿಸಿದ್ದಳು. ನಾನು ಚರಂಡಿಗೆ ಬಿದ್ದೆ. ತುಟಿ ಒಡೆದಿತ್ತು. ಎದ್ದರೆ ಮತ್ತೊಂದು ಬಿತ್ತು. ಕೀಯನ್ನು ಹುಡುಗಿಗೆ ಕೊಟ್ಟು ಕಳುಹಿಸಿ, ನನ್ನ ಕಾಲರ್ ಹಿಡಿದು ಅಂಗಡಿಯೊಳಗೆ ಎಳೆದಳು.

"ವಿಡಿಯೋದವ ಹೇಳಿದ ಹಾಗೆ ಮಾಡಿದ್ದು. ಅದೆಲ್ಲ ಸುಳ್ಳಾ ಅಕ್ಕ?" ಎಂದು ನಾನು ಅತ್ತುಬಿಟ್ಟೆ.

"ಸುಳ್ಳಲ್ಲ ಮಾರಾಯ, ಅದು ನಡೀತದೆ. ನನ್ನ ಗಂಡ ಎರಡು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಅಡ್ಡ ನಿಂತ. ಬೇಡ ಹೇಳಿ ಹೇಳಿ ನನಗೆ ಸಾಕಾಯ್ತು, ಹೂಂ ಅಂದೆ. ಮದುವೆ ಆದ ಮೇಲೂ ನಾನು ಬೇಡ ಹೇಳಿದ್ದು ಅವನಿಗೆ ಕೇಳ್ಲೇ ಇಲ್ಲ." ಎಡಗೈಯನ್ನು ನನ್ನ ಮುಖಕ್ಕೆ ಹಿಡಿದಳು. "ಇದು ಕೋಳಿ ಕಡಿಯುವಾಗ ಆದದ್ದಲ್ಲ, ನೋಡು. ಅವನು ಕಡಿದದ್ದು."

ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳುತ್ತೇನೆ ಎಂದೆ.

"ಅವಳ ಎದುರು ಹೋಗ್ಬೇಡ. ಅಷ್ಟು ಮಾಡು, ಸಾಕು."

ಹಾಗೇ ಮಾಡಿದೆ. ಮರುದಿನದ ಬುತ್ತಿಗೂ ಅಕ್ಕ ಸಾರು ಸುರಿದಳು.

ಕಳೆದ ವರ್ಷ ಹೃದಯಾಘಾತವಾಗಿ ತೀರಿಕೊಂಡಳು. ಹೆಣದ ಪಕ್ಕದಲ್ಲಿ ಗಂಡ ಎದೆ ಬಡಿದುಕೊಂಡು, "ಎರಡು ವರ್ಷ ಬೆನ್ನು ಬಿಡದೆ ಒಪ್ಪಿಸಿದ್ದು ಇವಳನ್ನು" ಎಂದು ಅಳುತ್ತಿದ್ದ. ಎಂಥ ಪ್ರೀತಿ ಎಂದು ಜನ ಕಣ್ಣೊರೆಸಿಕೊಂಡರು. ನನಗೆ ಅವನ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂತು. ಅಂದು ಅಕ್ಕನ ಪೆಟ್ಟು ಬೀಳದಿದ್ದರೆ, ಅವನ ಭುಜ ತಟ್ಟಿ ಸಮಾಧಾನ ಹೇಳುತ್ತಿದ್ದವರಲ್ಲಿ ನಾನೂ ಒಬ್ಬನಾಗಿರುತ್ತಿದ್ದೆ.